ನಿಧಿ ತೀರದಲ್ಲಿ ಕಿವಿಯ ಪಾಠ

ಅಮೆರಿಕದ ಭೂಪಟವನ್ನು ಹರಡಿ ನೋಡಿದರೆ ಆಗ್ನೇಯ ಮೂಲೆಯಲ್ಲಿ ಹೆಬ್ಬೆರಳೊಂದು ಸಮುದ್ರಕ್ಕೆ ಇಳಿಬಿದ್ದಂತೆ ಕಾಣುತ್ತದೆ. ಅದೇ ಫ್ಲಾರಿಡಾ. ಆ ಹೆಬ್ಬೆರಳಿನ ಪೂರ್ವದ ಅಂಚಿಗೆ ದಾರ ಕಟ್ಟಿದಂತೆ ಉದ್ದುದ್ದನೆಯ ಮರಳಿನ ದ್ವೀಪಗಳಿವೆ. ಒಂದು ಮಗ್ಗುಲಲ್ಲಿ ಅಟ್ಲಾಂಟಿಕ್ ಸಾಗರ, ಇನ್ನೊಂದು ಮಗ್ಗುಲಲ್ಲಿ ‘ಇಂಡಿಯನ್ ರಿವರ್’ ಎಂಬ ಹೆಸರಿನ ಉಪ್ಪುನೀರಿನ ಹಿನ್ನೀರು. ಹೆಸರಿಗೆ ನದಿ, ನಿಜದಲ್ಲಿ ಕಡಲಿನದೇ ಒಂದು ತೋಳು. ನಡುವೆ ಉಳಿದ ಕಿರಿದಾದ ನೆಲದ ಮೇಲೆ ‘ಎ1ಎ’ ಎಂಬ ಹೆದ್ದಾರಿ ತೆಂಕುಬಡಗಾಗಿ ಓಡುತ್ತದೆ. ಸೆಬಾಸ್ಟಿಯನ್, ವೀರೊ ಬೀಚ್, ಫೋರ್ಟ್ ಪಿಯರ್ಸ್ ಮುಂತಾದ ಊರುಗಳಿರುವ ಈ ಭಾಗಕ್ಕೆ ‘ಟ್ರೆಷರ್ ಕೋಸ್ಟ್’, ಅಂದರೆ ನಿಧಿ ತೀರ ಎಂದು ಹೆಸರು.

ಚಳಿಗಾಲದ ಬೆಳಗಿನಲ್ಲಿ, ಸೂರ್ಯ ಕಡಲಿನಿಂದ ಮೇಲೇಳುವ ಹೊತ್ತಿಗೆ ಇಲ್ಲಿನ ದಂಡೆಗೆ ಹೋದವರಿಗೆ ಒಂದು ವಿಚಿತ್ರ ನೋಟ ಕಾಣಸಿಗುತ್ತದೆ. ಕಿವಿಗೆ ಹೆಡ್‌ಫೋನ್ ಕಟ್ಟಿಕೊಂಡು, ಕೈಯಲ್ಲಿ ಉದ್ದನೆಯ ಕೋಲು ಹಿಡಿದು, ತಲೆ ತಗ್ಗಿಸಿ ನಿಧಾನವಾಗಿ ನಡೆಯುವ ಕೆಲವರು. ಕೋಲಿನ ತುದಿಯಲ್ಲಿ ಊಟದ ತಟ್ಟೆಯಷ್ಟಗಲದ ಒಂದು ಚಕ್ರ. ಅದನ್ನು ಕುಡುಗೋಲು ಬೀಸಿದ ಹಾಗೆ ಎಡಕ್ಕೂ ಬಲಕ್ಕೂ ಬೀಸುತ್ತಾರೆ. ಇದ್ದಕ್ಕಿದ್ದಂತೆ ನಿಲ್ಲುತ್ತಾರೆ, ಬಾಗುತ್ತಾರೆ, ಮರಳು ಕೆದಕುತ್ತಾರೆ. ಸಿಕ್ಕಿದ್ದನ್ನು ಸೊಂಟದ ಚೀಲಕ್ಕೆ ಹಾಕಿಕೊಂಡು ಮತ್ತೆ ನಡೆಯುತ್ತಾರೆ. ಪಕ್ಕದಲ್ಲಿ ಹಾದುಹೋಗುವವರ ಪ್ರಶ್ನೆ ಒಂದೇ: ‘ಏನಾದರೂ ಸಿಕ್ಕಿತೆ?’

ನಮ್ಮಲ್ಲಿ ಮೆಟಲ್ ಡಿಟೆಕ್ಟರ್ ಎಂದರೆ ವಿಮಾನ ನಿಲ್ದಾಣದ ಬಾಗಿಲು, ಇಲ್ಲವೇ ದೊಡ್ಡ ದೇವಸ್ಥಾನದ ಬಾಗಿಲಲ್ಲಿ ಪೊಲೀಸರ ಕೈಯಲ್ಲಿರುವ ಕೋಲು. ಅದೇ ಯಂತ್ರದ ಬಂಧುವನ್ನು ಹಿಡಿದು ಕಡಲ ಮರಳಿನಲ್ಲಿ ನಡೆಯುವುದು ಇಲ್ಲಿನವರಿಗೆ ಒಂದು ಹವ್ಯಾಸ. ಹೊರಗಿನಿಂದ ನೋಡುವವರಿಗೆ ಇದು ಸುಲಭದ ಆಟ. ಯಂತ್ರ ಕೂಗುತ್ತದೆ, ಮನುಷ್ಯ ಅಗೆಯುತ್ತಾನೆ. ಆದರೆ ಹೊಸದಾಗಿ ಯಂತ್ರ ಕೊಂಡವನನ್ನು ಒಂದು ವಾರ ಬಿಟ್ಟು ಕೇಳಿದರೆ ಆತ ಬೇರೆಯೇ ಕಥೆ ಹೇಳುತ್ತಾನೆ. ಇದು ಕೂಗುವ ಯಂತ್ರವೇನೋ ನಿಜ, ಆದರೆ ಎಲ್ಲದಕ್ಕೂ ಕೂಗುವ ಯಂತ್ರ!

1715ರ ಒಂದು ರಾತ್ರಿ

ಈ ತೀರಕ್ಕೆ ನಿಧಿಯ ಹೆಸರು ಬಂದ ಕಥೆಯನ್ನು ಮೊದಲು ನೋಡಬೇಕು. 1715ರ ಜುಲೈ 24ರಂದು ಕ್ಯೂಬಾದ ಹವಾನಾ ಬಂದರಿನಿಂದ ಸ್ಪೇನ್ ದೇಶಕ್ಕೆ ಹನ್ನೊಂದು ಸ್ಪ್ಯಾನಿಷ್ ಹಡಗುಗಳು ಹೊರಟವು. ಜೊತೆಗೆ ‘ಗ್ರಿಫೊನ್’ ಎಂಬ ಒಂದು ಫ್ರೆಂಚ್ ಹಡಗು. ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕದ ಗಣಿಗಳಿಂದ ತೆಗೆದ ಬೆಳ್ಳಿ, ಬಂಗಾರ, ನಾಣ್ಯಗಳ ಪೆಟ್ಟಿಗೆಗಳು ಅವುಗಳ ಹೊಟ್ಟೆಯಲ್ಲಿದ್ದವು. ಪೆಸಿಫಿಕ್ ಸಾಗರ ದಾಟಿ, ಮೆಕ್ಸಿಕೊದ ಮೂಲಕ ಬಂದ ಚೀನಾದ ಪಿಂಗಾಣಿ ಪಾತ್ರೆಗಳೂ ಇದ್ದವು. ದಂಡಿನ ನಾಯಕರಲ್ಲಿ ಒಬ್ಬ ಹ್ವಾನ್ ಎಸ್ತೆಬಾನ್ ದೆ ಉಬಿಯಾ, ಇನ್ನೊಬ್ಬ ಅಂತೋನಿಯೊ ದೆ ಎಚೆವೆರ್ಸ್.

ಹೊರಟು ಒಂದು ವಾರವಾಗಿತ್ತಷ್ಟೆ. ಜುಲೈ 30ರ ರಾತ್ರಿಯಿಂದ 31ರ ನಸುಕಿನವರೆಗೆ ಬೀಸಿದ ಚಂಡಮಾರುತ ಆ ಹನ್ನೊಂದೂ ಹಡಗುಗಳನ್ನು ಇದೇ ತೀರಕ್ಕೆ ಬಡಿದು ಒಡೆಯಿತು. ಗ್ರಿಫೊನ್ ಮಾತ್ರ ಪಾರಾಯಿತು. ಸುಮಾರು ಒಂದು ಸಾವಿರ ಜನ ಸತ್ತರು. ನಾಯಕ ಉಬಿಯಾ ಕೂಡ ಉಳಿಯಲಿಲ್ಲ. ಬದುಕಿದವರು ಮರಳ ದಿಬ್ಬದ ಮೇಲೆ ಶಿಬಿರ ಹಾಕಿಕೊಂಡು ನೆರವಿಗಾಗಿ ಕಾದರು. ಮುಂದೆ ಸ್ಪೇನಿನವರೇ ಮುಳುಗುಗಾರರನ್ನು ತಂದು ಕೆಲವು ವರ್ಷ ದುಡಿದು ಸಂಪತ್ತಿನ ದೊಡ್ಡ ಪಾಲನ್ನು ಮೇಲೆತ್ತಿದರು. ಹಾಗೆ ಎತ್ತಿಟ್ಟ ಬೆಳ್ಳಿಯ ಸುದ್ದಿ ತಿಳಿದು ಜಮೈಕಾದ ಕಡೆಯಿಂದ ಹೆನ್ರಿ ಜೆನಿಂಗ್ಸ್ ಎಂಬಾತ ಬಂದು ಶಿಬಿರವನ್ನೇ ಕೊಳ್ಳೆ ಹೊಡೆದ. ಉಳಿದದ್ದು ಮರಳಿನ ಪಾಲಾಯಿತು. ಜನ ಅದನ್ನು ಮರೆತೂಬಿಟ್ಟರು.

ಎರಡನೇ ಮಹಾಯುದ್ಧದ ನಂತರ ಕಿಪ್ ವಾಗ್ನರ್ ಎಂಬ ಮನೆ ಕಟ್ಟುವ ಕಂಟ್ರಾಕ್ಟರು ಸೆಬಾಸ್ಟಿಯನ್ ಬಳಿ ಬಂದು ನೆಲೆಸಿದ. ಬಿರುಗಾಳಿ ಬೀಸಿಹೋದ ಮೇಲೆ ದಂಡೆಯಲ್ಲಿ ಕರಿಯ ಬೆಳ್ಳಿ ನಾಣ್ಯಗಳು ಸಿಗುವುದನ್ನು ಆತ ಗಮನಿಸಿದ. ಒಂದು ವಿಷಯ ಅವನ ತಲೆಯಲ್ಲಿ ಕೂತಿತು: ಯಾವ ನಾಣ್ಯದ ಮೇಲೂ 1715ಕ್ಕಿಂತ ಈಚಿನ ಇಸವಿ ಇರಲಿಲ್ಲ. ಯುದ್ಧದಲ್ಲಿ ನೆಲಬಾಂಬು ಹುಡುಕಲು ಬಳಸಿ, ಆಮೇಲೆ ಹಳೇ ಸಾಮಾನಾಗಿ ಮಾರಾಟಕ್ಕೆ ಬಂದಿದ್ದ ಲೋಹಶೋಧಕವೊಂದನ್ನು ಕೊಂಡು ಆತ ದಿಬ್ಬದ ಮೇಲೆ ಹುಡುಕಿದ. ಬದುಕುಳಿದವರ ಶಿಬಿರದ ಜಾಗ ಸಿಕ್ಕಿತು. ಅದು ಈಗ ಸೆಬಾಸ್ಟಿಯನ್ ಇನ್‌ಲೆಟ್ ರಾಜ್ಯ ಉದ್ಯಾನದ ಒಳಗಿದೆ. 1960ರ ದಶಕದಲ್ಲಿ ವಾಗ್ನರ್ ಮತ್ತು ಗೆಳೆಯರು ಸಮುದ್ರದಿಂದ ರಾಶಿ ರಾಶಿ ನಾಣ್ಯ ತೆಗೆದರು. 1965ರ ಜನವರಿಯ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯಲ್ಲಿ ಈ ವೃತ್ತಾಂತ ಬಂದದ್ದೇ ತಡ, ತೀರದ ತುಂಬ ಕೋಲು ಹಿಡಿದವರ ಹಿಂಡು!

ಅಧ್ಯಕ್ಷರ ಹಾಸಿಗೆ

ಯಂತ್ರದ ತತ್ತ್ವ ಹೈಸ್ಕೂಲಿನ ಭೌತವಿಜ್ಞಾನದ ಪಾಠವೇ. 1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆ ಅದು. ಕೋಲಿನ ತುದಿಯ ಚಕ್ರದೊಳಗೆ ತಾಮ್ರದ ತಂತಿಯ ಸುರುಳಿ ಇದೆ. ಅದರಲ್ಲಿ ಸೆಕೆಂಡಿಗೆ ಕೆಲವು ಸಾವಿರ ಸಲ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುತ್ತದೆ. ಅದರಿಂದ ಸುತ್ತಲೂ ಏರಿಳಿಯುವ ಕಾಂತಕ್ಷೇತ್ರ ಉಂಟಾಗುತ್ತದೆ. ಆ ಕ್ಷೇತ್ರದ ಹಾದಿಯಲ್ಲಿ ಲೋಹದ ತುಂಡೊಂದಿದ್ದರೆ ಅದರ ಮೈಯಲ್ಲಿ ನೀರಿನ ಸುಳಿಯಂತೆ ಸಣ್ಣ ವಿದ್ಯುತ್ ಪ್ರವಾಹಗಳು ಏಳುತ್ತವೆ. ಆ ಸುಳಿಗಳು ತಮ್ಮದೇ ಪುಟ್ಟ ಕಾಂತಕ್ಷೇತ್ರವನ್ನು ಹುಟ್ಟಿಸುತ್ತವೆ. ಚಕ್ರದೊಳಗಿನ ಇನ್ನೊಂದು ಸುರುಳಿ ಆ ಮಾರ್ನುಡಿಯನ್ನು ಹಿಡಿದು ಹೆಡ್‌ಫೋನಿನಲ್ಲಿ ಸದ್ದಾಗಿಸುತ್ತದೆ. ಬೆಳ್ಳಿ, ತಾಮ್ರಗಳಲ್ಲಿ ಸುಳಿ ಹೆಚ್ಚು ಹೊತ್ತು ನಿಲ್ಲುತ್ತದೆ. ತೆಳ್ಳನೆಯ ಅಲ್ಯೂಮಿನಿಯಂ ಹಾಳೆಯಲ್ಲಿ ಬೇಗ ಸಾಯುತ್ತದೆ. ಈ ವ್ಯತ್ಯಾಸದಿಂದಲೇ ಯಂತ್ರ ಲೋಹದ ಜಾತಿಯನ್ನು ಊಹಿಸುವುದು.

ಈ ವಿದ್ಯೆಯ ಇತಿಹಾಸದಲ್ಲಿ ಒಂದು ದುಃಖದ ಪ್ರಸಂಗವಿದೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರ ಮೇಲೆ ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಗುಂಡು ಹಾರಿತು. ಗುಂಡು ದೇಹದ ಒಳಗೆ ಉಳಿಯಿತು. ಎಕ್ಸ್ ಕಿರಣ ಕಂಡುಹಿಡಿಯಲು ಇನ್ನೂ ಹದಿನಾಲ್ಕು ವರ್ಷವಿತ್ತು. ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಸುರುಳಿಗಳ ಉಪಕರಣವೊಂದನ್ನು ಸಿದ್ಧಪಡಿಸಿಕೊಂಡು ಜುಲೈ 26ರಂದು ಒಮ್ಮೆ, ಆಗಸ್ಟ್ 1ರಂದು ಮತ್ತೊಮ್ಮೆ ಅಧ್ಯಕ್ಷರ ಮೈಮೇಲೆ ಆಡಿಸಿ ನೋಡಿದರು. ಹಳೆಯ ಯುದ್ಧದ ಗುಂಡನ್ನು ದೇಹದಲ್ಲಿ ಹೊತ್ತಿದ್ದ ಮಾಜಿ ಸೈನಿಕರ ಮೇಲೆ ಚೆನ್ನಾಗಿಯೇ ಕೆಲಸ ಮಾಡಿದ್ದ ಉಪಕರಣ ಇಲ್ಲಿ ಗುಂಡಿನ ಜಾಗ ಹೇಳಲಾರದೆ ಹೋಯಿತು. ಹಾಸಿಗೆಯ ಕೆಳಗೆ ಉಕ್ಕಿನ ತಂತಿಗಳಿದ್ದದ್ದು ಆಮೇಲೆ ತಿಳಿಯಿತು. ಸಾಲದ್ದಕ್ಕೆ, ಗುಂಡು ಬಲಗಡೆಯಲ್ಲೇ ಇದೆ ಎಂಬ ವೈದ್ಯರ ಹಟದಿಂದ ಹುಡುಕಾಟವೂ ಬಲಗಡೆಗೇ ಸೀಮಿತವಾಯಿತು. ಗುಂಡು ಇದ್ದದ್ದು ಎಡಗಡೆ! ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು.

ಯಂತ್ರ ಮುಂದೆ ಬೆಳೆದದ್ದು ಯುದ್ಧದಲ್ಲಿ. ಸ್ಕಾಟ್ಲೆಂಡಿನಲ್ಲಿದ್ದ ಪೋಲೆಂಡಿನ ಸೇನಾಧಿಕಾರಿ ಯೂಝೆಫ್ ಕೊಸಾಟ್ಸ್ಕಿ ಒಬ್ಬನೇ ಸೈನಿಕ ಹೊತ್ತು ನಡೆಯಬಲ್ಲ, ಹದಿನಾಲ್ಕು ಕಿಲೋದೊಳಗಿನ ನೆಲಬಾಂಬು ಶೋಧಕವನ್ನು ರೂಪಿಸಿದರು. 1942ರಲ್ಲಿ ಈಜಿಪ್ಟಿನ ಅಲ್ ಅಲಮೈನ್ ಮರಳಿನಲ್ಲಿ ಇಂಥ 500 ಶೋಧಕಗಳು ಸೇನೆಗೆ ದಾರಿ ಮಾಡಿಕೊಟ್ಟವು. ಕೊಸಾಟ್ಸ್ಕಿ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ, ಬ್ರಿಟಿಷ್ ಸೇನೆಗೆ ಹಾಗೆಯೇ ಕೊಟ್ಟುಬಿಟ್ಟರು. ಇಂದು ಕಡಲತೀರದಲ್ಲಿ ಉಂಗುರ ಹುಡುಕುವ ಕೋಲು ಆ ವಂಶದ್ದೇ.

ಉಪ್ಪುನೀರಿನ ಗದ್ದಲ

ಗಾರ್ಫೀಲ್ಡರ ಹಾಸಿಗೆಯ ಪಾಠ ಕಡಲ ಮರಳಿಗೂ ಸಲ್ಲುತ್ತದೆ. ಹುಡುಕುವ ವಸ್ತುವನ್ನು ಕೇಳಿಸಿಕೊಳ್ಳಬೇಕಾದರೆ ಅದರ ಕೆಳಗಿನ, ಸುತ್ತಿನ ಹಾಸಿಗೆ ಏನು ಹೇಳುತ್ತಿದೆ ಎಂಬುದು ಮೊದಲು ಗೊತ್ತಿರಬೇಕು. ಇಲ್ಲಿನ ಹಾಸಿಗೆಯೆಂದರೆ ಒದ್ದೆ ಮರಳು.

ದಂಡೆಯ ಮೇಲ್ಭಾಗದ ಒಣಮರಳಿನಲ್ಲಿ ತೊಂದರೆಯಿಲ್ಲ. ಒಣಗಿದ ಉಪ್ಪು ವಿದ್ಯುತ್ತನ್ನು ಒಯ್ಯುವುದಿಲ್ಲ. ಆದರೆ ನೀರಿನಲ್ಲಿ ಕರಗಿದ ಉಪ್ಪು ಒಳ್ಳೆಯ ವಾಹಕ. ಅಲೆ ಬಂದು ಹಿಂದಿರುಗಿದ ಮರಳಿನ ಮೇಲೆ ಚಕ್ರ ಹಿಡಿದರೆ ಇಡೀ ದಂಡೆಯೇ ಒಂದು ಲೋಹದ ಹಾಳೆಯಂತೆ ಉತ್ತರ ಕೊಡುತ್ತದೆ. ಹೊಸಬನ ಹೆಡ್‌ಫೋನಿನಲ್ಲಿ ಗಲಾಟೆಯೋ ಗಲಾಟೆ. ಜೊತೆಗೆ ಮರಳಿನಲ್ಲಿ ಮ್ಯಾಗ್ನೆಟೈಟ್ ಎಂಬ ಕರಿಯ ಕಬ್ಬಿಣದ ಅದಿರಿನ ಪುಡಿ ಇದ್ದರೆ ಅದೂ ದನಿಗೂಡಿಸುತ್ತದೆ. ಹೊಳೆಯ ಮರಳಿನಲ್ಲಿ ಆಯಸ್ಕಾಂತ ಎಳೆದಾಡಿ ಕರಿಪುಡಿ ಅಂಟಿಸಿಕೊಂಡ ನಮ್ಮ ಶಾಲಾ ಮಕ್ಕಳಿಗೆ ಅದರ ಪರಿಚಯವಿದೆ.

ಇದಕ್ಕೆ ಯಂತ್ರ ತಯಾರಕರು ಎರಡು ಉಪಾಯ ಹೂಡಿದ್ದಾರೆ. ಒಂದು, ವಿದ್ಯುತ್ತನ್ನು ಸತತವಾಗಿ ಹರಿಸದೆ ಬಿಟ್ಟುಬಿಟ್ಟು ಮಿಡಿಸುವುದು. ಮಿಡಿತ ನಿಂತೊಡನೆ ಉಪ್ಪುನೀರಿನ ಮಾರ್ನುಡಿ ಬೇಗ ಆರುತ್ತದೆ, ಲೋಹದ್ದು ಇನ್ನಷ್ಟು ಹೊತ್ತು ನಿಲ್ಲುತ್ತದೆ. ಯಂತ್ರ ಕ್ಷಣಕಾಲ ತಡೆದು ಆಮೇಲೆ ಕಿವಿಗೊಡುತ್ತದೆ. ಆದರೆ ಇಂಥ ಯಂತ್ರಕ್ಕೆ ಮೊಳೆಗೂ ಮುಂಗೈ ಬಳೆಗೂ ಭೇದ ತಿಳಿಯುವುದು ಕಷ್ಟ. ಇನ್ನೊಂದು ಉಪಾಯ, ಒಂದೇ ಸಲಕ್ಕೆ ಹಲವು ಕಂಪನಾಂಕಗಳನ್ನು ಕಳಿಸಿ, ಬಂದ ಉತ್ತರಗಳನ್ನು ತಾಳೆ ನೋಡಿ, ಉಪ್ಪಿನ ಪಾಲನ್ನು ಕಳೆದುಬಿಡುವುದು.

ಯಂತ್ರ ಎಂಥದೇ ಇರಲಿ, ಕಲಿಯುವವನು ಮಾಡಬೇಕಾದದ್ದು ಇದ್ದೇ ಇದೆ. ಮೊದಲು ಚಕ್ರವನ್ನು ಲೋಹವಿಲ್ಲದ ಮರಳಿನ ಮೇಲೆ ಮೇಲಕ್ಕೂ ಕೆಳಕ್ಕೂ ಆಡಿಸಿ ಸದ್ದು ಒಂದೇ ಸಮನಾಗುವಂತೆ ಹೊಂದಿಸಿಕೊಳ್ಳಬೇಕು. ಆಮೇಲೆ ನೀರಿನ ಅಂಚಿಗೆ ಸಮಾನಾಂತರವಾಗಿ ನಡೆಯಬೇಕು. ದಂಡೆಯಿಂದ ನೀರಿಗೆ, ನೀರಿನಿಂದ ದಂಡೆಗೆ ಅಡ್ಡಾಡಿದರೆ ಹೆಜ್ಜೆ ಹೆಜ್ಜೆಗೂ ತೇವ ಬದಲಾಗಿ ಯಂತ್ರ ತಬ್ಬಿಬ್ಬಾಗುತ್ತದೆ. ಅಂಚಿನ ಗುಂಟ ನಡೆದರೆ ತೇವ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ.

ಬೀಸುವುದಕ್ಕೂ ಕ್ರಮವಿದೆ. ಹೊಸಬರು ಗಡಿಯಾರದ ಲೋಲಕದಂತೆ ಬೀಸುತ್ತಾರೆ. ಎರಡೂ ತುದಿಯಲ್ಲಿ ಚಕ್ರ ಮೇಲೇಳುತ್ತದೆ. ಚಿಕ್ಕ ವಸ್ತುವೊಂದು ಇಮ್ಮಡಿ ದೂರವಾದರೆ ಅದರ ಮಾರ್ನುಡಿ ಲೆಕ್ಕದ ಪ್ರಕಾರ ಅರವತ್ತನಾಲ್ಕರಲ್ಲಿ ಒಂದಂಶದ ಹತ್ತಿರಕ್ಕೆ ಇಳಿದುಬಿಡುತ್ತದೆ. ಹಾಗಾಗಿ ಎರಡು ಬೆರಳಿನಷ್ಟು ಚಕ್ರ ಮೇಲೆದ್ದರೂ ಆಳದ ನಾಣ್ಯ ತಪ್ಪಿಹೋಗುತ್ತದೆ. ಮರಳಿಗೆ ಒತ್ತೊತ್ತಾಗಿ, ಮಟ್ಟಸವಾಗಿ, ಒಂದು ಬೀಸಿನ ಅರ್ಧದ ಮೇಲೆ ಇನ್ನೊಂದು ಬೀಸು ಬರುವಂತೆ ನಿಧಾನವಾಗಿ ಆಡಿಸಬೇಕು. ನಾಣ್ಯದ ಗಾತ್ರದ ವಸ್ತುವಾದರೆ ಒಂದು ಗೇಣು ಆಳದವರೆಗೆ ಕೇಳೀತು, ಅದಕ್ಕಿಂತ ಹೆಚ್ಚಿಗೆ ಆಸೆಪಡುವಂತಿಲ್ಲ.

ಅನುಭವಿಗಳು ಹೊಸಬರಿಗೆ ಹೇಳುವ ಮೊದಲ ಅಭ್ಯಾಸವೆಂದರೆ ತಾನೇ ಹೂತು ತಾನೇ ಹುಡುಕುವುದು. ನಾಣ್ಯ, ಹಿತ್ತಾಳೆ ಉಂಗುರ, ಬಾಟಲಿಯ ಮುಚ್ಚಳ, ಮೊಳೆ, ಇವನ್ನು ಬೇರೆ ಬೇರೆ ಆಳದಲ್ಲಿ ಹೂತು ಗುರುತು ಇಟ್ಟು, ಒಂದೊಂದರ ಮೇಲೂ ಚಕ್ರ ಆಡಿಸಿ ಸದ್ದನ್ನು ಮನನ ಮಾಡಿಕೊಳ್ಳಬೇಕು. ಸಂಗೀತದ ವಿದ್ಯಾರ್ಥಿ ಶ್ರುತಿ ಹಿಡಿಯಲು ಕೂತ ಹಾಗೆ. ಮುಟ್ಟಿನ ಗಾಜಿನಲ್ಲಿ ಮೂಡುವ ಅಂಕಿಗಳನ್ನು ಕಣ್ಣು ನೋಡುತ್ತದೆ, ತೀರ್ಪು ಕೊಡುವುದು ಮಾತ್ರ ಕಿವಿ. ದುಂಡನೆಯ, ಎರಡೂ ದಿಕ್ಕಿನಿಂದ ಒಂದೇ ತೆರನಾಗಿ ಕೇಳುವ ಸದ್ದು ಅಗೆಯಲು ಯೋಗ್ಯ. ಒಂದು ಕಡೆಯಿಂದ ಕೇಳಿ, ತಿರುಗಿ ನಿಂತಾಗ ಒಡೆದುಹೋಗುವ ಸದ್ದು ಬಹುತೇಕ ತುಕ್ಕು ಹಿಡಿದ ಕಬ್ಬಿಣ.

ಕಸವೂ ಬಂಗಾರವೂ ಒಂದೇ ರಾಗ

ಇನ್ನು ಸಿಗುವುದೇನು? ಮೊದಲ ವಾರದ ಚೀಲವನ್ನು ಸುರಿದರೆ ಸೀಸೆಯ ಮುಚ್ಚಳ, ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು, ಸಿಗರೇಟು ಪ್ಯಾಕಿನ ಬೇಗಡೆ, ತಂಪು ಪಾನೀಯದ ಡಬ್ಬಿಯ ಕಿವಿ. ಡಬ್ಬಿಯಿಂದ ಕಿತ್ತು ಬಿಸಾಡುವ ಅಲ್ಯೂಮಿನಿಯಂ ಕಿವಿ 1960ರ ದಶಕದಲ್ಲಿ ಬಂತು. ಡಬ್ಬಿಯಲ್ಲೇ ಉಳಿಯುವ ಕಿವಿ 1975ರ ಹೊತ್ತಿಗೆ ಬಂದರೂ ಅದಕ್ಕೆ ಮುಂಚೆ ಬಿಸಾಡಿದ್ದು ಇಂದಿಗೂ ಮರಳಿನಲ್ಲಿದೆ.

ನಾಣ್ಯಗಳೂ ಸಿಗುತ್ತವೆ, ಆದರೆ ಅವುಗಳ ಅವಸ್ಥೆ ರಸಾಯನಶಾಸ್ತ್ರದ ಪಾಠದಂತಿರುತ್ತದೆ. ಅಮೆರಿಕದ ಒಂದು ಸೆಂಟಿನ ನಾಣ್ಯ 1982ರಿಂದ ತಾಮ್ರದ ಲೇಪವಿರುವ ಸತು. ಲೇಪ ಒಂದು ಕಡೆ ಕಿತ್ತರೆ ಸಾಕು, ಉಪ್ಪುನೀರು ಒಳಗಿನ ಸತುವನ್ನು ತಿಂದುಹಾಕುತ್ತದೆ. ಮುನ್ನೂರು ವರ್ಷ ಹಳೆಯ ಸ್ಪ್ಯಾನಿಷ್ ಬೆಳ್ಳಿ ಕರಿಯ ಬೂದಿಕಲ್ಲಿನಂತೆ ಕಾಣುತ್ತದೆ. ಗಂಧಕದ ಜೊತೆ ಸೇರಿ ಬೆಳ್ಳಿಯ ಮೈ ಕಪ್ಪಾಗಿರುತ್ತದೆ. ಸುತ್ತಿಗೆಯಲ್ಲಿ ಬಡಿದು, ಕತ್ತರಿಸಿ ತೂಕ ಸರಿಮಾಡಿದ ನಾಣ್ಯವಾದ್ದರಿಂದ ಆಕಾರವೂ ದುಂಡಗಿರುವುದಿಲ್ಲ. ‘ಎಂಟು ರಿಯಾಲ್’ ಎಂಬ ಈ ನಾಣ್ಯ ಸುಮಾರು 27 ಗ್ರಾಂ ತೂಗಬೇಕು. ತಿಳಿಯದವರು ಕಲ್ಲೆಂದು ಬಿಸಾಡಿಯಾರು. ಬಂಗಾರ ಮಾತ್ರ ನಿನ್ನೆ ಬಿದ್ದಂತೆ ಹಳದಿಯಾಗಿಯೇ ಇರುತ್ತದೆ.

ಕಸದ ಕಾಟ ತಾಳಲಾರದೆ ಹೊಸಬ ಒಂದು ಸುಲಭದ ದಾರಿ ಹಿಡಿಯುತ್ತಾನೆ. ಯಂತ್ರದಲ್ಲಿ ಬೇಡದ ಲೋಹಗಳ ಸದ್ದನ್ನು ಅಡಗಿಸುವ ಗುಂಡಿ ಇದೆ. ಬೇಗಡೆ ಬೇಡ, ಡಬ್ಬಿಯ ಕಿವಿ ಬೇಡ ಎಂದು ಒತ್ತಿಬಿಟ್ಟರೆ ಆಹಾ, ನಿಶ್ಶಬ್ದ! ಆದರೆ ಪ್ರಕೃತಿಯ ತಮಾಷೆ ಇಲ್ಲೇ ಇದೆ. ಚಿಕ್ಕ ಬಂಗಾರದ ಉಂಗುರವೂ ಡಬ್ಬಿಯ ಕಿವಿಯೂ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ ರಾಗದಲ್ಲಿ ಉತ್ತರ ಕೊಡುತ್ತವೆ. ತೆಳು ಸರ ಬೇಗಡೆಯ ದನಿಯಲ್ಲಿ ಮಾತಾಡುತ್ತದೆ. ಕಸ ಬೇಡವೆಂದವನು ಬಂಗಾರವನ್ನೂ ದಾಟಿ ಮುಂದೆ ಹೋಗುತ್ತಾನೆ. ಪಳಗಿದವರು ಅದಕ್ಕೇ ಎಲ್ಲವನ್ನೂ ಅಗೆಯುತ್ತಾರೆ, ಕಸವನ್ನು ಕಸದ ತೊಟ್ಟಿಗೆ ಹಾಕುತ್ತಾರೆ. ಬರಿಗಾಲಿನಲ್ಲಿ ಓಡುವ ಮಕ್ಕಳ ಪಾದಕ್ಕೆ ಅದರಿಂದ ಆಗುವ ಉಪಕಾರ ದೊಡ್ಡದು.

ಕಡಲು ಬಾಗಿಲು ತೆರೆವ ದಿನ

ಯಂತ್ರ ಕಲಿತರೆ ಅರ್ಧ ಕಲಿತಂತೆ. ಉಳಿದರ್ಧ ಕಡಲನ್ನು ಕಲಿಯುವುದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಹೆಚ್ಚಿದಂತೆ ಇಳಿತವೂ ಹೆಚ್ಚು. ಆಗ ಬೇರೆ ದಿನ ನೀರಿನಡಿ ಇರುವ ಮರಳು ಕೆಲವು ಗಂಟೆ ತೆರೆದುಕೊಳ್ಳುತ್ತದೆ. ಸಾಮಾನ್ಯ ಮರಳಿನ ಸಾಂದ್ರತೆ ನೀರಿನ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಚಿನ್ನದ್ದು ಹತ್ತೊಂಬತ್ತು ಪಟ್ಟು. ಅಲೆ ಮರಳನ್ನು ಎತ್ತಿ ಒಯ್ಯುತ್ತದೆ, ಚಿನ್ನ ಕುಸಿದು ಗಟ್ಟಿ ಪದರದ ಮೇಲೆ ಕೂರುತ್ತದೆ. ಹಾಗಾಗಿ ಬೇಸಗೆಯಲ್ಲಿ ಮರಳು ದಪ್ಪವಾಗಿ ಹಾಸಿದಾಗ ಹಳೆಯ ವಸ್ತು ಯಂತ್ರಕ್ಕೆ ಎಟುಕುವುದಿಲ್ಲ.

ಬಿರುಗಾಳಿ ಬಂದರೆ ಲೆಕ್ಕ ಬದಲಾಗುತ್ತದೆ. ಉಳ್ಳಾಲದಂಥ ನಮ್ಮ ಕರಾವಳಿಯ ಊರುಗಳಲ್ಲಿ ‘ಕಡಲ್ಕೊರೆತ’ ಎನ್ನುತ್ತಾರಲ್ಲ, ಅದೇ. ಒಂದೇ ರಾತ್ರಿಯಲ್ಲಿ ಆಳೆತ್ತರದ ಮರಳು ಕೊಚ್ಚಿಹೋಗಿ ದಿಬ್ಬ ಗೋಡೆಯಂತೆ ನಿಲ್ಲುತ್ತದೆ. 2004ರ ಸೆಪ್ಟೆಂಬರಿನಲ್ಲಿ ‘ಫ್ರಾನ್ಸಿಸ್’ ಮತ್ತು ‘ಜೀನ್’ ಎಂಬ ಎರಡು ಚಂಡಮಾರುತಗಳು ಮೂರು ವಾರಗಳ ಅಂತರದಲ್ಲಿ ಈ ತೀರದ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಅಪ್ಪಳಿಸಿದವು. ಇಂಥ ಗಾಳಿ ನಿಂತ ಮರುದಿನವೇ ಕೋಲು ಹಿಡಿದವರು ದಂಡೆಗೆ ಧಾವಿಸುವುದು. ಅದೇ ಹೊತ್ತಿನಲ್ಲಿ ಹಿಂದಿನ ರಸ್ತೆಯಲ್ಲಿ ಮನೆ ಕಳೆದುಕೊಂಡವರು ಅವಶೇಷ ಆರಿಸುತ್ತಿರುತ್ತಾರೆ. ಒಬ್ಬರ ಸುಗ್ಗಿ ಇನ್ನೊಬ್ಬರ ಸಂಕಟದ ಬೆನ್ನಿಗೇ ಬರುವುದು ಈ ತೀರದಲ್ಲಿ 1715ರಿಂದಲೂ ನಡೆದುಬಂದಿದೆ.

ಮರಳಿನಡಿ ಯಾರ್ಯಾರದು?

ಹೆಡ್‌ಫೋನಿನ ಸದ್ದು ‘ಇಲ್ಲಿ ಲೋಹವಿದೆ’ ಎಂದಷ್ಟೆ ಹೇಳುತ್ತದೆ. ಅದು ಎಂಥದು, ಯಾರದು ಎಂದು ಹೇಳುವುದಿಲ್ಲ. ಈ ತೀರದಲ್ಲಿ ಆ ಪ್ರಶ್ನೆ ಹಗುರವಾದದ್ದಲ್ಲ.

ಸೆಬಾಸ್ಟಿಯನ್ ಇನ್‌ಲೆಟ್‌ನಿಂದ ದಕ್ಷಿಣಕ್ಕೆ ಸುಮಾರು ಐವತ್ತು ಕಿಲೋಮೀಟರ್ ಹೋದರೆ ಫೋರ್ಟ್ ಪಿಯರ್ಸ್. 1943ರಿಂದ 1946ರವರೆಗೆ ಇಲ್ಲಿ ಅಮೆರಿಕದ ನೌಕಾಪಡೆಯ ದೊಡ್ಡ ತರಬೇತಿ ನೆಲೆ ಇತ್ತು. ಒಂದು ಲಕ್ಷಕ್ಕೂ ಹೆಚ್ಚು ಜನ ಶತ್ರುವಿನ ದಂಡೆಗೆ ಇಳಿಯುವ ವಿದ್ಯೆ ಕಲಿತರು. ಶತ್ರುವಿನ ತೀರದಲ್ಲಿರುವಂಥ ಕಾಂಕ್ರೀಟು, ಉಕ್ಕಿನ ಅಡೆತಡೆಗಳನ್ನು ಕಟ್ಟಿ, ಸಿಡಿಮದ್ದಿನಿಂದ ಒಡೆದು ಅಭ್ಯಾಸ ಮಾಡಿದರು. ಸಿಡಿಯದೆ ಉಳಿದದ್ದು ಮರಳಿನಲ್ಲೂ ನೀರಿನಲ್ಲೂ ಸೇರಿಹೋಯಿತು. ಯುದ್ಧ ಮುಗಿದ ಎಷ್ಟೋ ವರ್ಷಗಳ ಮೇಲೂ ಇಂಥವು ಸಿಕ್ಕಿರುವುದುಂಟು. ಆದ್ದರಿಂದ ಅಗಲವಾದ, ಗಟ್ಟಿಯಾದ ಕಬ್ಬಿಣದ ಸದ್ದು ಕೇಳಿ, ತುಕ್ಕು ಹಿಡಿದ ಕೊಳವೆಯಂಥದ್ದು ಕಂಡರೆ ಕೈ ಹಿಂದಕ್ಕೆ ತೆಗೆದು, ಜಾಗ ಗುರುತಿಟ್ಟುಕೊಂಡು, ಪೊಲೀಸರಿಗೆ ತಿಳಿಸುವುದೇ ವಿವೇಕ. ಬಾಂಬು ಹುಡುಕಲೆಂದೇ ಬೆಳೆದ ಯಂತ್ರ ತನ್ನ ಹಳೆಯ ಕಸುಬನ್ನು ಇಲ್ಲಿ ನೆನಪಿಸಿಕೊಳ್ಳುತ್ತದೆ.

ಉತ್ತರಕ್ಕೆ ಅಷ್ಟೇ ದೂರ ಹೋದರೆ ಕೋಕೋ ಬೀಚ್. ಅದರಾಚೆ ರಾಕೆಟ್ಟುಗಳು ಹಾರುವ ಕೇಪ್ ಕೆನಾವೆರಲ್. 1986ರ ಜನವರಿ 28ರಂದು ‘ಚಾಲೆಂಜರ್’ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಅಸುನೀಗಿದರು. ಸುಮಾರು ಹನ್ನೊಂದು ವರ್ಷ ಕಳೆದು, 1996ರ ಡಿಸೆಂಬರಿನಲ್ಲಿ ಅದರ ಎರಡು ದೊಡ್ಡ ತುಂಡುಗಳು ಕೋಕೋ ಬೀಚಿನ ದಂಡೆಗೆ ಬಂದು ಬಿದ್ದವು. ಇಂಥ ತುಂಡು ಎಷ್ಟೇ ಚಿಕ್ಕದಿರಲಿ, ಸರ್ಕಾರದ ಸ್ವತ್ತು. ಸಿಕ್ಕವರು ಮನೆಗೆ ಒಯ್ಯುವಂತಿಲ್ಲ.

2022ರ ನವೆಂಬರಿನಲ್ಲಿ ‘ನಿಕೋಲ್’ ಚಂಡಮಾರುತ ಬಂದು ಹಚಿನ್ಸನ್ ದ್ವೀಪದ ದಿಬ್ಬವನ್ನು ಕೊರೆದಾಗ ಹೊರಬಿದ್ದದ್ದು ನಾಣ್ಯವಲ್ಲ, ಮನುಷ್ಯರ ಎಲುಬುಗಳು. ಸ್ಪೇನಿನವರಿಗಿಂತ ಎಷ್ಟೋ ಮುಂಚಿನಿಂದ ಇಲ್ಲಿ ಬದುಕಿದ್ದ ಮೂಲನಿವಾಸಿಗಳ ಸಮಾಧಿಯೆಂದು ಅದನ್ನು ಗೌರವದಿಂದ ಕಾಪಾಡಲಾಯಿತು. ಆ ದಿಬ್ಬದೊಳಗೆ ಏನೇನಿದೆಯೆಂದು ಯಂತ್ರ ಹೇಳಲಾರದು. ಎಲುಬು ಲೋಹವಲ್ಲವಲ್ಲ.

ಕಾನೂನು ಈ ಎಲ್ಲದಕ್ಕೂ ಗೆರೆ ಎಳೆದಿದೆ. ಸಾಮಾನ್ಯ ಸಾರ್ವಜನಿಕ ದಂಡೆಯಲ್ಲಿ ಹುಡುಕಲು ಅವಕಾಶವಿದೆ, ಮರಳ ದಿಬ್ಬದ ಮೇಲೆ ಇಲ್ಲ. 1715ರ ಹಡಗುಗಳಿರುವ ನೀರಿನಲ್ಲಿ ಅನುಮತಿ ಪಡೆದವರು ಮಾತ್ರ ಮುಳುಗಬಹುದು. ಅವರೂ ಸಿಕ್ಕಿದ್ದರಲ್ಲಿ ರಾಜ್ಯಕ್ಕೆ ಪಾಲು ಕೊಡಬೇಕು. ಉತ್ತರದ ಕೆನಾವೆರಲ್ ರಾಷ್ಟ್ರೀಯ ಕಡಲತೀರದಲ್ಲಂತೂ ಯಂತ್ರಕ್ಕೆ ಪ್ರವೇಶವೇ ಇಲ್ಲ. ಫೋರ್ಟ್ ಪಿಯರ್ಸ್ ಬಳಿ ನೀರಿನಲ್ಲಿರುವ ‘ಉರ್ಕಾ ದೆ ಲಿಮಾ’ ಎಂಬ ಹಡಗನ್ನು 1987ರಲ್ಲಿ ಸಾಗರದೊಳಗಿನ ಸಂರಕ್ಷಿತ ತಾಣವೆಂದು ಘೋಷಿಸಿದರು. ನೋಡಬಹುದು, ಮುಟ್ಟಬಾರದು. ಇನ್ನು ನಿನ್ನೆ ಯಾರದೋ ಬೆರಳಿನಿಂದ ಜಾರಿದ ಉಂಗುರ ಸಿಕ್ಕರೆ ಪೊಲೀಸರಿಗೆ ತಿಳಿಸಬೇಕೆಂಬುದು ಫ್ಲಾರಿಡಾದ ನಿಯಮ. ನಮ್ಮ ದೇಶದಲ್ಲೂ 1878ರ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕವರು ಕಲೆಕ್ಟರರಿಗೆ ತಿಳಿಸಲೇಬೇಕು.

ಇಷ್ಟೆಲ್ಲ ಕಟ್ಟುಪಾಡು ಏಕೆ ಎಂದು ಕೇಳುವವರಿದ್ದಾರೆ. ವಾಗ್ನರನ ಕಥೆಯಲ್ಲೇ ಉತ್ತರವಿದೆ. ಆತನಿಗೆ ದಾರಿ ತೋರಿಸಿದ್ದು ನಾಣ್ಯದ ಬೆಲೆಯಲ್ಲ, ಅದರ ಮೇಲಿನ ಇಸವಿ ಮತ್ತು ಅದು ಸಿಕ್ಕ ಜಾಗ. ಸಿಕ್ಕ ಜಾಗ ಬರೆದಿಡದೆ ಜೇಬಿಗೆ ಸೇರಿದ ನಾಣ್ಯ ಅಂಗಡಿಯಲ್ಲಿ ಒಂದಿಷ್ಟು ಡಾಲರು ತಂದೀತು. ಆ ರಾತ್ರಿ ಸತ್ತ ಸಾವಿರ ಜನರ ಬಗ್ಗೆ ಅದು ಏನನ್ನೂ ಹೇಳಲಾರದು.

ಆಮೆಯ ತಿಂಗಳು

ಸೆಬಾಸ್ಟಿಯನ್ ಸುತ್ತಲ ಈ ದಂಡೆಗೆ ಇನ್ನೊಬ್ಬ ಹಕ್ಕುದಾರರಿದ್ದಾರೆ. 1991ರಲ್ಲಿ ಇಲ್ಲಿ ಸ್ಥಾಪಿಸಿದ ಆರ್ಚಿ ಕಾರ್ ವನ್ಯಧಾಮ ಸುಮಾರು 33 ಕಿಲೋಮೀಟರ್ ಉದ್ದದ ತೀರಕ್ಕೆ ಹಬ್ಬಿದೆ. ದೊಡ್ಡತಲೆಯ ‘ಲಾಗರ್‌ಹೆಡ್’ ಕಡಲಾಮೆಗಳು ಮೊಟ್ಟೆಯಿಡಲು ಬರುವ, ಲೋಕದಲ್ಲೇ ಹೆಸರಾದ ತಾಣ. ಮಾರ್ಚ್ 1ರಿಂದ ಅಕ್ಟೋಬರ್ ಕೊನೆಯವರೆಗೆ ಇಲ್ಲಿ ಆಮೆಗಳ ಕಾಲ. ತಾಯಾಮೆ ರಾತ್ರಿ ಬಂದು ಮರಳಿನಲ್ಲಿ ಗುಳಿ ತೋಡಿ ನೂರರ ಆಸುಪಾಸಿನಲ್ಲಿ ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ಸುಮಾರು ಎರಡು ತಿಂಗಳ ಮೇಲೆ ಮರಿಗಳು ಹೊರಬಂದು ಕತ್ತಲಲ್ಲಿ ಕಡಲಿನ ಬೆಳಕು ಅರಸಿ ಹರಿಯುತ್ತವೆ. ಅಂಗೈ ತುಂಬದ ಮರಿ ಅದು. ಅದರ ಹಾದಿಯಲ್ಲಿ ಮನುಷ್ಯ ಅಗೆದು ಬಿಟ್ಟುಹೋದ ಒಂದು ಮೊಣಕೈ ಆಳದ ಗುಂಡಿ ಇದ್ದರೆ ಬಿದ್ದ ಮರಿ ಮೇಲೇರಲಾರದು. ಬೆಳಗಾದರೆ ಬಿಸಿಲು, ಏಡಿ, ಹಕ್ಕಿಗಳು ಇದ್ದೇ ಇವೆ.

ಆಮೆಗಳಿರಲಿ, ಇಲ್ಲದಿರಲಿ, ಪಳಗಿದವರ ನಡಿಗೆಯಲ್ಲಿ ಎದ್ದು ಕಾಣುವ ಲಕ್ಷಣ ಒಂದುಂಟು. ತೂತುಗಳಿರುವ ಉಕ್ಕಿನ ಸೌಟಿನಿಂದ ಮರಳು ಎತ್ತಿ ಜರಡಿ ಹಿಡಿದಂತೆ ಅಲುಗಿಸುತ್ತಾರೆ. ಸಿಕ್ಕಿದ್ದು ಬೆಳ್ಳಿಯೋ ಮುಚ್ಚಳವೋ ನೋಡುತ್ತಾರೆ. ಮುಂದಿನ ಸದ್ದಿಗೆ ಕಿವಿಗೊಡುವ ಮೊದಲು ಪಾದದಿಂದ ಮರಳೆಳೆದು ಗುಂಡಿ ಮುಚ್ಚಿ, ಎರಡು ಸಲ ತುಳಿದು ಮಟ್ಟ ಮಾಡುತ್ತಾರೆ. ಯಂತ್ರದ ಜೊತೆ ಕೊಡುವ ಕೈಪಿಡಿಯ ಪುಟಗಳು ಬಹುಪಾಲು ಗುಂಡಿಗಳು, ಅಂಕಿಗಳು, ಕಂಪನಾಂಕಗಳ ಬಗ್ಗೆಯೇ ಇರುತ್ತವೆ. ಈ ಎರಡು ತುಳಿತವನ್ನು ಹೊಸಬ ಪಕ್ಕದಲ್ಲಿ ನಡೆಯುವವರ ಕಾಲು ನೋಡಿಯೇ ಕಲಿಯಬೇಕು.